ಹುಳುಮನೆಯ ಮಾತು

ಕನ್ನಡಿಗನು ಲೆಕ್ಕವನ್ನು ಬಿಡಿಸುತ್ತಾನೆ, ಒಗಟನ್ನು ಬಿಡಿಸುತ್ತಾನೆ. ಕೂದಲಿನ ಸಿಕ್ಕನ್ನೂ ಅದೇ ಕ್ರಿಯಾಪದದಿಂದಲೇ ಬಿಡಿಸುತ್ತಾನೆ. ಬುದ್ಧಿಯು ಮಾಡತಕ್ಕ ಕೆಲಸಕ್ಕೆ ಬೆರಳು ಮಾಡುವ ಕೆಲಸದ ಹೆಸರನ್ನಿಡುವುದು ಈ ಭಾಷೆಯ ಸ್ವಭಾವ. ಕಷ್ಟವೆಂಬುದು ತೊಡಕು, ಅದರಲ್ಲಿ ಒಂದು ಎಳೆ ಸಿಕ್ಕಿದರೆ ಉಪಾಯ ಸಿಕ್ಕಿದಂತೆಯೇ ಸರಿ. ಇದು ಹಳ್ಳಿಗರ ಆಡುಮಾತೆಂದು ವಿದ್ವಾಂಸರು ಉಪೇಕ್ಷಿಸುವಂತೆಯೂ ಇಲ್ಲ. ಸಂಸ್ಕೃತದ ಸೂತ್ರವೆಂದರೆ ನೂಲು, ತಂತ್ರವೆಂದರೆ ಮಗ್ಗ, ಗ್ರಂಥವೆಂದರೆ ಪೋಣಿಸಿ ಕಟ್ಟಿದ್ದು. ಪಾಣಿನಿಯ ಸೂತ್ರಗಳನ್ನು ಕಂಠಪಾಠ ಮಾಡಿದವನೂ ಒಂದು ವಿಧದಲ್ಲಿ ನೂಲನ್ನೇ ಹಿಡಿದಿದ್ದಾನೆ. ಹಿಡಿದಿರುವುದು ಅವನಿಗೆ ಮರೆತುಹೋಗಿದೆ, ಅಷ್ಟೆ.

ಕಣ್ಣು ಕಿವಿ ಕೈಗಳಿಗೆ ಗೋಚರವಾದುದಕ್ಕೆ ಮನೆಮಾತಿನಲ್ಲಿ ಹೆಸರಿಟ್ಟು, ಆ ಹೆಸರಿನ ಮೂಲಕವೇ ಹೊಸದಾಗಿ ಬಂದ ಕಷ್ಟಕ್ಕೆ ಪರಿಹಾರವನ್ನು ಹುಡುಕುವ ಪದ್ಧತಿಯೊಂದುಂಟು. ಅದರ ಚರಿತ್ರೆಯನ್ನು ತಿಳಿಯಬೇಕೆನ್ನುವವರಿಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಹುಳುಮನೆಗಳಿಗಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ದುರ್ಲಭ.

ರೇಷ್ಮೆಹುಳುವು ಈ ಸೀಮೆಗೆ ಹೊರಗಿನಿಂದ ಬಂದ ಅತಿಥಿ. ೧೭೮೬ರ ಸೆಪ್ಟೆಂಬರಿನಲ್ಲಿ ಟಿಪ್ಪೂ ಸುಲ್ತಾನನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಯಿಸಿದ ಪತ್ರವೊಂದನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಆಂಗ್ಲ ಅಧಿಕಾರಿಯು ಭಾಷಾಂತರಿಸಿ ೧೮೧೧ರಲ್ಲಿ ಅಚ್ಚುಮಾಡಿಸಿದನು. ರೇಷ್ಮೆಹುಳುಗಳಿಗಾಗಿ ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬವರು ಹಿಂದಿರುಗುತ್ತಿದ್ದಾರೆಂದೂ, ಹುಳುಗಳನ್ನಿಡುವುದಕ್ಕೆ ಯೋಗ್ಯವಾದ ಸ್ಥಳ ಯಾವುದೆಂಬುದನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಬೇಕೆಂದೂ ಅದರ ತಾತ್ಪರ್ಯ. ಆಜ್ಞೆ ಮಾಡುವುದಕ್ಕೆ ಸಮರ್ಥನಾದ ದೊರೆಯು ಈ ಒಂದು ವಿಷಯದಲ್ಲಿ ಆಜ್ಞೆಯನ್ನು ಬಿಟ್ಟು, ಹುಳುವನ್ನು ಕಣ್ಣಾರೆ ಕಂಡು ಬಂದವರ ಮಾತನ್ನು ನೆಚ್ಚಿದ್ದು ಗಮನಿಸತಕ್ಕದ್ದು.

ಹುಳುವಿನೊಡನೆ ಕೆಲವು ಮಾತುಗಳೂ ಬಂದುವು. ಹಣ್ಣಾದ ಹುಳುಗಳನ್ನು ಗೂಡು ಕಟ್ಟುವುದಕ್ಕೆ ಬಿಡುವ ಬಿದಿರಿನ ಸಾಧನಕ್ಕೆ ಇಲ್ಲಿ ಚಂದ್ರಿಕೆ ಎಂದು ಹೆಸರು. ಬಂಗಾಳದಲ್ಲಿಯೂ ಅದು ಚಂದ್ರಕಿಯೇ. ಇದನ್ನು ಕೇಳಿದ ಪಂಡಿತರು ಕೂಡಲೇ ಬೆಳದಿಂಗಳನ್ನು ನೆನೆಯುವುದುಂಟು. ಸಂಸ್ಕೃತದಲ್ಲಿ ನವಿಲುಗರಿಯ ಕಣ್ಣಿಗೆ ಚಂದ್ರಕವೆನ್ನುತ್ತಾರೆ. ಚಾಪೆಯ ಮೇಲೆ ಸುತ್ತುಸುತ್ತಾಗಿ ಹೊಂದಿಸಿದ ಬಿದಿರಿನ ಪಟ್ಟಿಯನ್ನು ನೋಡಿದವರಿಗೆ ಬೆಳದಿಂಗಳಿಗಿಂತ ಆ ನವಿಲುಗಣ್ಣೇ ಸಮೀಪವೆಂದು ತೋರದಿರದು. ಅದು ಹೇಗಾದರೂ ಇರಲಿ, ಅಂತಹ ಎರವಲು ಪದಗಳು ಕೆಲವೇ. ಹುಳುವಿನ ಹುಟ್ಟು, ಬೆಳವಣಿಗೆ, ರೋಗ, ಸಾವು ಇವುಗಳಿಗೆಲ್ಲ ಈ ಭಾಗದ ಒಕ್ಕಲು ಮನೆಗಳು ತಮ್ಮ ಅಡುಗೆಮನೆ, ಹೊಲ ಮತ್ತು ತೊಟ್ಟಿಲುಗಳ ಮಾತನ್ನೇ ತೊಡಿಸಿದುವು.

ಮುಖ್ಯವಾದುದು ಜ್ವರ. ಮೊಟ್ಟೆಯಿಂದ ಹೊರಟ ಹುಳುವು ನಾಲ್ಕು ವಾರಗಳೊಳಗಾಗಿ ಗೂಡು ಕಟ್ಟುತ್ತದೆ. ಆ ಅವಧಿಯಲ್ಲಿ ನಾಲ್ಕು ಸಲ, ಬೆಳೆದ ಮೈಗೆ ಹಳೆಯ ಚರ್ಮ ಸಾಲದೆ, ಪೊರೆ ಕಳಚುತ್ತದೆ. ಆಗ ಅದು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ನಿಲ್ಲುವುದು; ಚರ್ಮ ಬಿಗಿದು ಹೊಳೆಯುವುದು. ಇದನ್ನು ಕಂಡ ಗೃಹಿಣಿಗೆ ಮೈ ಬಿಸಿಯಾಗಿ, ಊಟ ಒಲ್ಲದೆ, ಸುಮ್ಮನೆ ಮಲಗಿದ ಮಗು ನೆನಪಿಗೆ ಬರುವುದು ಸಹಜ. ‘ಹುಳು ಜ್ವರಕ್ಕೆ ಕೂತಿದೆ’, ‘ಎರಡನೆಯ ಜ್ವರ ಎದ್ದಿದೆ’ ಎಂಬುದು ಇಲ್ಲಿಯ ವಾಡಿಕೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ತಪ್ಪು. ಹುಳುವಿಗೆ ಆಗ ಯಾವ ರೋಗವೂ ಇಲ್ಲ. ಆದರೆ ಆ ತಪ್ಪು ಹೆಸರಿನಿಂದ ಎಷ್ಟು ಸರಿಯಾದ ನಡತೆ ಹುಟ್ಟಿತೆಂಬುದನ್ನು ನೋಡಬೇಕು. ಜ್ವರ ಬಂದವರಿಗೆ ಲಂಘನ ಮಾಡಿಸಬೇಕು. ಆದುದರಿಂದ ಸೊಪ್ಪು ನಿಲ್ಲಿಸಬೇಕು. ಮಲಗಿದವರನ್ನು ಎಬ್ಬಿಸಬಾರದು, ಆದುದರಿಂದ ತಟ್ಟೆಯನ್ನು ಕದಲಿಸಬಾರದು. ಎದ್ದವರಿಗೆ ಪಥ್ಯವಾದ ಆಹಾರ. ಆದುದರಿಂದ ಮೊದಲ ಮೇವಿಗೆ ಮೆತ್ತನೆಯ ಸೊಪ್ಪು. ಬಹುಪಾಲು ಹುಳುಗಳು ಕೂತಾಗ ಮೇವನ್ನು ನಿಲ್ಲಿಸಿ, ಹಾಸಿಗೆಯನ್ನು ಒಣಗಿಸಿ, ಬಹುಪಾಲು ಎದ್ದ ಮೇಲೆಯೇ ಮತ್ತೆ ಮೇವು ಕೊಡಬೇಕೆಂದು ಇಂದಿನ ರೇಷ್ಮೆ ಇಲಾಖೆಯ ಕೈಪಿಡಿಗಳು ಬೋಧಿಸುತ್ತವೆ. ಹಾಗೆ ಮಾಡದವರ ಮನೆಯಲ್ಲಿ ಒಂದೇ ತಟ್ಟೆಯ ಹುಳುಗಳಲ್ಲಿ ಕೆಲವು ಮುಂದಾಗಿ, ಕೆಲವು ಹಿಂದಾಗಿ, ಬೆಳೆಯೇ ಒಡೆದುಹೋಗುತ್ತದೆ. ಕೈಪಿಡಿಯ ಒಂದು ಪುಟದ ಉಪದೇಶವನ್ನು ಮನೆಯ ಅಜ್ಜಿಯು ಒಂದೇ ಪದದಲ್ಲಿ ಸೊಸೆಗೆ ಒಪ್ಪಿಸುತ್ತಿದ್ದಳು.

ಇದರಂತೆಯೇ ‘ಹಣ್ಣು’ ಎಂಬ ಮಾತು. ನಾಲ್ಕನೆಯ ಜ್ವರ ಎದ್ದ ಹುಳುವು ತನ್ನ ಆಯುಷ್ಯದ ಮೇವಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಆಗ ಹುಳುಮನೆಯ ಹೊರಗೆ ನಿಂತವರಿಗೆ ಒಳಗೆ ಸೋನೆಮಳೆ ಹಿಡಿದಂತೆ ಸದ್ದು ಕೇಳಿಸುವುದು. ಮಳೆ ನಿಂತಿತೆಂದರೆ ಹುಳು ಹಣ್ಣಾಗುತ್ತಿದೆಯೆಂದು ಕಿವಿಯೇ ಹೇಳುತ್ತದೆ. ಬಳಿಕ ಕಣ್ಣಿನ ಸರದಿ: ಮೈಯ ಹಸುರು ಬಣ್ಣ ಅಳಿದು, ಮಾಗಿದ ದ್ರಾಕ್ಷಿಯಂತೆ ಬೆಳಕು ಹಾಯುವಂತಾಗುವುದು, ತಲೆಯನ್ನೆತ್ತಿ ಅತ್ತಿತ್ತ ತೂಗುತ್ತ ಆಸರೆಯನ್ನು ಹುಡುಕುವುದು. ಕಾಯನ್ನು ಕಿತ್ತವನಿಗೂ ಕೊಳೆತ ಮೇಲೆ ಎಚ್ಚೆತ್ತವನಿಗೂ ಹಣ್ಣು ದಕ್ಕುವುದಿಲ್ಲವೆಂಬುದು ಒಕ್ಕಲಿಗನಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹುಳುವನ್ನು ಮುಂಚೆ ಚಂದ್ರಿಕೆಗೆ ಬಿಟ್ಟರೆ ಅಲೆದಾಡಿ ಸೊರಗುತ್ತದೆ. ತಡವಾದರೆ ನೂಲನ್ನು ತಟ್ಟೆಯ ಮೇಲೆಯೇ ಚೆಲ್ಲಿಬಿಡುತ್ತದೆ.

ರೋಗಗಳ ಹೆಸರುಗಳಲ್ಲಿ ಈ ಬುದ್ಧಿಯ ಸೂಕ್ಷ್ಮತೆಯೂ ಇದರ ಎಲ್ಲೆಯೂ ಒಟ್ಟಿಗೆ ಕಾಣುತ್ತವೆ. ಮೈ ಊದಿ, ತಟ್ಟೆಯ ಅಂಚಿನಲ್ಲಿ ಅಲೆಯುತ್ತ, ಚುಚ್ಚಿದರೆ ಬೆಳ್ಳಗಿನ ರಸ ಸೋರುವ ಹುಳುವಿಗೆ ಹಾಲುತೊಂಡೆ ರೋಗ. ಬಲಗುಂದಿ, ಮುಟ್ಟಿದರೆ ಮೆತ್ತಗೆ ಜೋಲುವುದಕ್ಕೆ ಸಪ್ಪೆ ರೋಗ. ಸಪ್ಪೆಯೆಂಬುದು ನಾಲಿಗೆಗೆ ಸಂಬಂಧಪಟ್ಟ ಮಾತು. ಉಪ್ಪಿಲ್ಲದ ಸಾರು ಸಪ್ಪೆ, ಉತ್ಸಾಹವಿಲ್ಲದ ಮುಖವೂ ಸಪ್ಪೆ, ಈಗ ಹುಳುವೂ ಸಪ್ಪೆ: ರುಚಿಯ ಮಾತು ಕಣ್ಣಿಗೂ ಅಲ್ಲಿಂದ ಬೆರಳಿಗೂ ದಾಟಿತು. ಒಂದು ಇಂದ್ರಿಯದ ಅನುಭವವನ್ನು ಮತ್ತೊಂದಕ್ಕೆ ಸಾಲ ಕೊಡುವ ಈ ವ್ಯವಹಾರವು ಕವಿಗಳದೆಂದು ಅಲಂಕಾರಿಕರು ತಿಳಿದಿದ್ದಾರೆ. ಹುಳು ಸಾಕುವವರಿಗೆ ಅದು ದಿನಬಳಕೆ.

ಸುಣ್ಣಕಟ್ಟು ರೋಗದ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಇದು ತಗುಲಿದ ಹುಳುವು ಸತ್ತು, ಸೆಡೆತು, ಮೇಲೆ ಬಿಳಿಯ ಪುಡಿ ಕಟ್ಟಿ, ಸುಣ್ಣದ ಕಡ್ಡಿಯಂತೆ ಗಟ್ಟಿಯಾಗುತ್ತದೆ. ಇಟಲಿಯ ರೈತರು ಇದೇ ರೋಗವನ್ನು ಕಾಲ್ಚಿನೋ ಎಂದು ಕರೆಯುತ್ತಿದ್ದರು. ಆ ಮಾತಿನ ಮೂಲವೂ ಸುಣ್ಣವೇ. ಒಬ್ಬರನ್ನೊಬ್ಬರು ಕಾಣದ, ಒಬ್ಬರ ಭಾಷೆಯನ್ನೊಬ್ಬರು ಕೇಳದ ಎರಡು ಜನಾಂಗಗಳ ಕಣ್ಣು ಒಂದೇ ಗೋಡೆಗೆ ಬಳಿದ ಸುಣ್ಣವನ್ನು ನೆನೆಯಿತು. ಆಗೊಸ್ತೀನೊ ಬಾಸಿ ಎಂಬವನು ಇಟಲಿಯ ಲೋದಿ ನಗರದ ಬಳಿಯವನು. ನ್ಯಾಯಶಾಸ್ತ್ರ ಓದಿ, ದೃಷ್ಟಿಮಾಂದ್ಯದಿಂದ ಆ ವೃತ್ತಿಯನ್ನು ಬಿಟ್ಟು ಬೇಸಾಯಕ್ಕಿಳಿದವನು. ಅವನು ಇಪ್ಪತ್ತೈದು ವರ್ಷಗಳಷ್ಟು ಕಾಲ ಪರೀಕ್ಷೆ ಮಾಡಿ, ಆ ಬಿಳಿಯ ಪುಡಿಯೇ ಜೀವವುಳ್ಳ ಬೂಷ್ಟೆಂದೂ, ಅದೇ ಒಂದು ಹುಳುವಿನಿಂದ ಇನ್ನೊಂದಕ್ಕೆ ರೋಗವನ್ನು ಸಾಗಿಸುತ್ತದೆಂದೂ ೧೮೩೫ರಲ್ಲಿ ಪ್ರಕಟಿಸಿದನು. ಸೂಕ್ಷ್ಮಜೀವಿಯೊಂದು ಪ್ರಾಣಿಯಲ್ಲಿ ರೋಗವನ್ನುಂಟುಮಾಡುತ್ತದೆಂಬುದು ಪ್ರಯೋಗದಿಂದ ಸ್ಥಾಪಿತವಾದದ್ದು ಅದೇ ಮೊದಲೆಂದು ವೈದ್ಯಚರಿತ್ರಕಾರರು ಎಣಿಸುತ್ತಾರೆ. ಆ ಬೂಷ್ಟಿಗೆ ಶಾಸ್ತ್ರಜ್ಞರು ಬಾಸಿಯ ಹೆಸರನ್ನೇ ಇಟ್ಟರು. ಅವನು ಹೊರಟ ಸ್ಥಳ ಯಾವುದು? ಎಲ್ಲ ರೈತರೂ ಕಂಡು ಹೆಸರಿಟ್ಟಿದ್ದ ಬಿಳುಪೇ. ಅವನ ಹೆಚ್ಚುಗಾರಿಕೆಯು ಆ ಬಿಳುಪನ್ನು ರೋಗದ ಬಣ್ಣವೆಂದು ಬಿಡದೆ, ರೋಗದ ಬೀಜವೆಂದು ಶಂಕಿಸಿದುದರಲ್ಲಿದೆ.

ಈ ರೋಗವು ತೇವ ಮತ್ತು ಚಳಿಯಲ್ಲಿ ಹೆಚ್ಚುವುದರಿಂದ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ಉದುರಿಸಿ ಒಣಗಿಸುವ ಪದ್ಧತಿಯುಂಟು. ಸುಣ್ಣದಂತಹ ರೋಗಕ್ಕೆ ಸುಣ್ಣವೇ ಉಪಾಯವೆಂದು ಇದರಿಂದ ಯಾರಾದರೂ ದೊಡ್ಡ ಸಿದ್ಧಾಂತವನ್ನು ಕಟ್ಟಹೊರಟರೆ ಅದು ಅವಿವೇಕ. ಹೆಸರು ನೋಟದಿಂದ ಬಂದದ್ದು, ಉಪಾಯ ಒದ್ದೆಯ ಅನುಭವದಿಂದ ಬಂದದ್ದು. ಎರಡೂ ಒಂದೇ ಡಬ್ಬಿಯಲ್ಲಿ ಸಿಕ್ಕಿದ್ದು ಕಾಕತಾಳೀಯ.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಗವಯವೆಂಬ ಮೃಗವು ಹಸುವಿನಂತೆ ಇರುವುದೆಂದು ಕಾಡಿನವನು ಊರಿನವನಿಗೆ ಹೇಳಿದನು; ಊರಿನವನು ಕಾಡಿಗೆ ಹೋಗಿ ಅಂತಹ ಮೃಗವನ್ನು ಕಂಡು, ಗವಯವೆಂದರೆ ಇದೇ ಎಂದು ತಿಳಿದನು. ಪಾಠಶಾಲೆಗಳಲ್ಲಿ ಬಾಲಕರು ಈ ಉದಾಹರಣೆಯನ್ನು ಗಿಳಿಪಾಠ ಒಪ್ಪಿಸುವರೇ ಹೊರತು ಇದರ ಉಪಯೋಗವನ್ನು ಕೇಳುವವರು ವಿರಳ. ಹೊಸದಾಗಿ ಹುಳು ಸಾಕುವ ಮನೆಯಲ್ಲಿ ಅದರ ಉಪಯೋಗ ದಿನವೂ ಕಾಣುವುದು. ಸುಣ್ಣ ಕಟ್ಟಿದಂತಿರುವುದು ಎಂದು ಕೇಳಿದ್ದವಳು, ಅಂತಹ ಒಂದು ಹುಳುವನ್ನು ಬೆಳಗ್ಗೆ ತಟ್ಟೆಯಲ್ಲಿ ಕಂಡೊಡನೆ, ಇನ್ನಾರನ್ನೂ ಕೇಳದೆ ಅದನ್ನು ತೆಗೆದು ಸುಡುತ್ತಾಳೆ. ಒಂದು ದಿನ ತಡವಾದರೆ ಬೆಳೆಯೆಲ್ಲ ಹೋದೀತು. ನಾಲ್ಕು ವಾರದ ದುಡಿಮೆ, ಸೊಪ್ಪಿನ ಖರ್ಚು, ತೀರಿಸಬೇಕಾದ ಸಾಲ ಇವೆಲ್ಲ ಆ ಒಂದು ಹೋಲಿಕೆಯ ಮೇಲೆ ನಿಂತಿರುತ್ತವೆ.

ಆದರೆ ಕಣ್ಣಿಗೆ ಸಿಕ್ಕದುದರ ಮುಂದೆ ಮನೆಮಾತು ಸೋತಿತು. ಇದನ್ನು ಮರೆಮಾಡಿ ಹಳೆಯ ಕಾಲವನ್ನು ಹೊಗಳುವುದು ನ್ಯಾಯವಲ್ಲ. ಗಂಟು ರೋಗವೆಂದು ಇಲ್ಲಿ ಹೆಸರಾದುದನ್ನು ಫ್ರಾನ್ಸಿನವರು ಪೆಬ್ರಿನ್ ಎಂದರು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿದಂತೆ ಕರಿಯ ಚುಕ್ಕೆಗಳು ಕಾಣುವುದರಿಂದ ಆ ಹೆಸರು. ಮೆಣಸಾಗಲಿ ಗಂಟಾಗಲಿ ಇದರ ಮರ್ಮವನ್ನು ತಿಳಿಸಲಿಲ್ಲ. ಏಕೆಂದರೆ ರೋಗವು ತಾಯಿಚಿಟ್ಟೆಯಿಂದ ಮೊಟ್ಟೆಯೊಳಗೇ ಇಳಿಯುವುದು. ನೋಡುವುದಕ್ಕೆ ಮೊಟ್ಟೆ ಚೆನ್ನಾಗಿಯೇ ಇರುವುದು. ಬೆಳೆ ಹಾಳಾದಾಗ, ಯಾರದೋ ದೃಷ್ಟಿ ತಗುಲಿತೆಂದು ಜನರು ನಿಟ್ಟುಸಿರಿಟ್ಟರು. ಈ ‘ದೃಷ್ಟಿ’ಯು ಯಾವ ಇಂದ್ರಿಯವೂ ಕಂಡದ್ದಲ್ಲ, ಹಾಗಾಗಿ ಅದರಿಂದ ಯಾವ ಉಪಾಯವೂ ಹುಟ್ಟಲಿಲ್ಲ. ಅನ್ಯರನ್ನು ಹುಳುಮನೆಗೆ ಬಿಡದಿರುವ ನಿಯಮದಿಂದ ಕೊಂಚ ಸೋಂಕು ತಪ್ಪಿತೆನ್ನಬಹುದು, ಅಷ್ಟೆ.

ಫ್ರಾನ್ಸಿನಲ್ಲಿ ಈ ರೋಗವು ರೇಷ್ಮೆಯ ಕಸಬನ್ನೇ ನೆಲಕ್ಕೆ ತಂದಾಗ, ೧೮೬೫ರಲ್ಲಿ ಅಲೇಸ್ ಪ್ರಾಂತಕ್ಕೆ ಲೂಯಿ ಪಾಶ್ಚರನನ್ನು ಕಳುಹಿಸಿದರು. ಅವನು ರಸಾಯನಶಾಸ್ತ್ರಜ್ಞ, ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದವನಲ್ಲ. ದಾರಿಯಲ್ಲಿ ಅವಿನ್ಯೋನ್ ನಗರದಲ್ಲಿ ಕೀಟಗಳ ಚರಿತ್ರೆ ಬರೆದು ಪ್ರಸಿದ್ಧನಾದ ಫಾಬ್ರನನ್ನು ಕಂಡು, ಒಂದು ಗೂಡನ್ನು ತೋರಿಸಬೇಕೆಂದನು. ಗೂಡು ಬಂದಿತು. ಪಾಶ್ಚರನು ಅದನ್ನು ತಿರುಗಿಸಿ ನೋಡಿ, ಕಿವಿಯ ಬಳಿ ಅಲುಗಿಸಿ, ಒಳಗೆ ಏನೋ ಇದೆಯಲ್ಲಾ ಎಂದು ಅಚ್ಚರಿಪಟ್ಟನಂತೆ. ಒಳಗಿರುವುದು ಕೋಶಾವಸ್ಥೆಯ ಹುಳುವೆಂಬುದು ಕೂಡ ಅವನಿಗೆ ಆಗ ತಿಳಿದಿರಲಿಲ್ಲವೆಂದು ಫಾಬ್ರನೇ ಬರೆದಿಟ್ಟಿದ್ದಾನೆ. ಇದನ್ನು ಓದಿದ ರಾಮನಗರದ ಸಾಮಾನ್ಯ ನೂಲು ಬಿಚ್ಚುವವನೂ ನಕ್ಕಾನು. ಆದರೆ ಆ ನಗುವಿಗೆ ಪಾಶ್ಚರನು ಐದು ವರ್ಷಗಳಲ್ಲಿ ಉತ್ತರ ಕೊಟ್ಟನು. ಪ್ರತಿಯೊಂದು ತಾಯಿಚಿಟ್ಟೆಯಿಂದಲೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಬೇಕು. ಅನಂತರ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. ಅವನ ಗ್ರಂಥ ೧೮೭೦ರಲ್ಲಿ ಹೊರಬಂದಿತು. ಹುಳುವನ್ನರಿಯದವನು ಹುಳುವನ್ನು ಉಳಿಸಿದನು. ಅರಿತವರಿಗೆ ಇದ್ದ ಅಭ್ಯಾಸದ ಕಣ್ಕಟ್ಟು ಅವನಿಗಿರಲಿಲ್ಲವೆಂಬುದೂ ಒಂದು ಕಾರಣವಾಗಿರಬಹುದು.

೧೮೬೦ರ ದಶಕದಲ್ಲಿ ಮೈಸೂರು ಸೀಮೆಯಲ್ಲಿಯೂ ಹುಳುಗಳಿಗೆ ರೋಗ ಹಬ್ಬಿ ಕಸಬು ಕುಗ್ಗಿತ್ತು. ಡಿ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆಗಳನ್ನು ತರಿಸಿ ಅದನ್ನೆತ್ತಿಹಿಡಿಯಲು ಯತ್ನಿಸಿದನು. ಸಂಸ್ಥಾನದ ಸರ್ಕಾರವು ಕ್ರಮವಾಗಿ ಕೈಹಾಕಿದ್ದು ೧೯೧೩ರ ಸುಮಾರಿಗೆ, ವಾಷಿಂಗ್ಟನ್ ಮಾರಿ ಎಂಬ ಇನ್ನೊಬ್ಬ ಇಟಲಿಯ ತಜ್ಞನನ್ನು ಬರಮಾಡಿಕೊಂಡಾಗ. ಚನ್ನಪಟ್ಟಣದಲ್ಲಿ ಸರ್ಕಾರದ ರೇಷ್ಮೆ ಕ್ಷೇತ್ರವು ಆರಂಭವಾದದ್ದು ಆ ಕಾಲದಲ್ಲಿ. ಮುಂದೆ ರೇಷ್ಮೆ ಇಲಾಖೆಯ ಹೊಣೆ ಹೊತ್ತವರಲ್ಲಿ ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರೂ ಒಬ್ಬರೆಂಬುದು ಸಾಹಿತ್ಯಾಭಿಮಾನಿಗಳಿಗೆ ಸಂತೋಷದ ವಿಷಯ. ಮೈಸೂರು ತಳಿಯ ಹುಳುವಿಗೆ ಹೊರನಾಡಿನ ತಳಿಯನ್ನು ಕೂಡಿಸಿ ಮಿಶ್ರತಳಿಯನ್ನು ರೈತರಿಗೆ ಹಂಚುವುದು ೧೯೨೦ರ ದಶಕದಲ್ಲಿ ರೂಢಿಗೆ ಬಂದಿತು.

ಪಾಶ್ಚರನ ಕಣಗಳನ್ನು ಒಕ್ಕಲು ಮನೆಗೆ ಹೇಗೆ ತಿಳಿಸುವುದು? ಸೂಕ್ಷ್ಮದರ್ಶಕವನ್ನು ಪ್ರತಿಯೊಬ್ಬನ ಕಣ್ಣಿಗೆ ಹಿಡಿಯಲಾಗದು. ಇಲ್ಲಿ ಮತ್ತೆ ಹೊಲದ ಮಾತೇ ನೆರವಿಗೆ ಬಂದಿತು. ಹುಳುವಿನ ಮೊಟ್ಟೆಗೆ ಕನ್ನಡದಲ್ಲಿ ‘ಬಿತ್ತನೆ’ಯೆಂದೇ ರೂಢಿ, ಮೊಟ್ಟೆ ತಯಾರಾಗುವ ಮನೆ ಬಿತ್ತನೆ ಕೋಠಿ, ಮಾಗಡಿ ಕುಣಿಗಲ್ ಕಡೆ ಶುದ್ಧ ಮೈಸೂರು ತಳಿಯನ್ನು ಉಳಿಸಿಕೊಂಡು ಬಂದ ಸೀಮೆ ಬಿತ್ತನೆ ಪ್ರದೇಶ. ರಾಗಿಯ ತೆನೆಯಲ್ಲಿ ಬೀಜಕ್ಕೆಂದು ಗಟ್ಟಿಯಾದುದನ್ನು ಆರಿಸಿಡುವವನಿಗೆ, ಬಿತ್ತನೆ ಕೆಟ್ಟರೆ ಬೆಳೆ ಕೆಟ್ಟಿತೆಂದು ವಾದಿಸಿ ಒಪ್ಪಿಸಬೇಕಾದುದಿಲ್ಲ. ಮನೆಯ ಗೂಡಿನಿಂದಲೇ ಮುಂದಿನ ಮೊಟ್ಟೆಯನ್ನು ಎತ್ತಿಕೊಳ್ಳದೆ, ಪರೀಕ್ಷೆಯಾದ ಮೊಟ್ಟೆಯನ್ನು ಹಣ ಕೊಟ್ಟು ತರುವುದು ಅವನಿಗೆ ಸಮ್ಮತವಾಗುವುದಕ್ಕೆ ಈ ಒಂದು ಮಾತು ಮಾಡಿದ ಉಪಕಾರ ಸಣ್ಣದಲ್ಲ. ಮಾಗಡಿಯ ಬಿತ್ತನೆ ಗೂಡಿಗೂ ಕನಕಪುರದ ತೋಟಗಳ ಬೆಳೆಗೂ ನಂಟು ಬೆಸೆದದ್ದು ಹೀಗೆ.

೧೯೮೦ರಲ್ಲಿ ಇನ್ನೊಂದು ಶತ್ರು ಬಂದಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿಯು ಒಳಗೆ ಕೊರೆದು ಹುಳುವನ್ನು ಕೊಲ್ಲುವ ಊಜಿ ನೊಣವು ಬಂಗಾಳದ ಕಡೆಯಿಂದ ಕರ್ನಾಟಕವನ್ನು ಹೊಕ್ಕಿತು. ಊಜಿಯೆಂಬುದು ಜಪಾನೀ ಮಾತು, ನೊಣದ ಮರಿಯೆಂದರ್ಥ. ಇದಕ್ಕೆ ಇಲ್ಲಿ ಹಳೆಯ ಹೆಸರಿರಲಿಲ್ಲ, ಹೆಸರಿಡುವಷ್ಟು ವ್ಯವಧಾನವೂ ಇರಲಿಲ್ಲ. ಚರ್ಮದ ಮೇಲಿನ ಕರಿಯ ಚುಕ್ಕೆಯನ್ನು ಗುರುತಿಸುವುದನ್ನು ಜನ ಬೇಗ ಕಲಿತರು. ಬಾಗಿಲು ಕಿಟಕಿಗಳಿಗೆ ನೈಲಾನ್ ಬಲೆ ಬಂದಿತು. ಮಲಗುವ ಮನೆಯ ಸೊಳ್ಳೆಪರದೆಯನ್ನು ಬಲ್ಲವರಿಗೆ ಅದರ ತತ್ತ್ವವನ್ನು ವಿವರಿಸಬೇಕಾಗಿರಲಿಲ್ಲ. ಊಜಿಯ ಕೋಶಗಳನ್ನೇ ತಿಂದು ಬೆಳೆಯುವ ಪರತಂತ್ರ ಕೀಟವನ್ನು ಸಾಕಿ ಬಿಡುವ ಉಪಾಯ ಮಾತ್ರ ಪ್ರಯೋಗಶಾಲೆಯದು.

ಗೂಡು ಮಾರುಕಟ್ಟೆಗೆ ಬಂದ ಮೇಲೆ ಮಾತು ಕಡಿಮೆಯಾಗಿ ಕೈ ಹೆಚ್ಚುತ್ತದೆ. ಏಷ್ಯದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವನು ಕೆಲವೇ ನಿಮಿಷಗಳಲ್ಲಿ ಬಿಡಿಸಬೇಕಾದ ಲೆಕ್ಕವು ಸುಲಭವಾದುದಲ್ಲ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬುದಕ್ಕೆ ರೆಂಡಿಟ್ಟ ಎನ್ನುತ್ತಾರೆ. ಇದೂ ಇಟಲಿಯಿಂದ ಬಂದ ಮಾತು, ಅಕ್ಷರವರಿಯದವರ ಬಾಯಲ್ಲೂ ಓಡಾಡುತ್ತಿದೆ. ಎಂಟು ಕಿಲೋ ಎಂದೆಣಿಸಿ ಕೊಂಡ ಗೂಡು ಒಂಬತ್ತು ಕಿಲೋ ಬೇಡಿದರೆ ಗೂಡಿನ ಖರ್ಚು ಎಂಟರಲ್ಲೊಂದು ಪಾಲು ಏರಿತು. ಲಾಭವು ಅಲ್ಲಿಯೇ ಕರಗಿತು. ಆದಕಾರಣ ಅವನು ಗೂಡನ್ನು ಹೆಬ್ಬೆರಳಿನಿಂದ ಒತ್ತಿ ಚಿಪ್ಪಿನ ಗಟ್ಟ್ಯನ್ನು ನೋಡುವನು, ಮೇಲ್ಮೈಯ ಸುಕ್ಕನ್ನು ಸವರುವನು, ಕಲೆಯನ್ನು ಹುಡುಕುವನು, ಕಿವಿಯ ಬಳಿ ಅಲುಗಿಸುವನು. ಒಳಗಿನ ಕೋಶ ಸಡಿಲವಾಗಿ ಲೊಟಲೊಟನೆ ಸದ್ದು ಮಾಡಿದರೆ ಗೂಡು ಸರಿ. ಒಳಗೆ ಸತ್ತು ಅಂಟಿಕೊಂಡಿದ್ದರೆ ಸದ್ದಿಲ್ಲ. ಹೇಗೆ ತಿಳಿಯಿತೆಂದು ಕೇಳಿದರೆ ‘ಕೈಗೆ ಗೊತ್ತಾಗುತ್ತದೆ’ ಎಂಬುದೇ ಉತ್ತರ.

ಇದನ್ನು ಅಜ್ಞಾನಿಯ ಉತ್ತರವೆಂದು ತಳ್ಳಬಾರದು. ಭರ್ತೃಹರಿಯು ವಾಕ್ಯಪದೀಯದ ಬ್ರಹ್ಮಕಾಂಡದಲ್ಲಿ ರತ್ನಗಳನ್ನೂ ನಾಣ್ಯಗಳನ್ನೂ ಪರೀಕ್ಷಿಸುವವರ ವಿಷಯವನ್ನೆತ್ತಿದ್ದಾನೆ. ಅವರ ಜ್ಞಾನವು ಅಭ್ಯಾಸದಿಂದಲೇ ಹುಟ್ಟುವುದು, ಅನುಮಾನದಿಂದಲ್ಲ. ಅದನ್ನು ಇತರರಿಗೆ ಹೇಳಿ ತಿಳಿಸುವುದಕ್ಕಾಗದು ಎಂಬುದು ಅವನ ಅಭಿಪ್ರಾಯ. ಶಬ್ದವಿಲ್ಲದೆ ಜ್ಞಾನವೇ ಇಲ್ಲವೆಂದು ಸಾಧಿಸಿದ ಮಹಾವೈಯಾಕರಣನೇ ಮಾತಿಗೆ ಮೀರಿದ ಈ ಜ್ಞಾನಕ್ಕೆ ಮನ್ನಣೆ ಕೊಟ್ಟದ್ದು ದೊಡ್ಡದು. ಚನ್ನಪಟ್ಟಣದ ಬೊಂಬೆ ಕೆಲಸಗಾರನದೂ ಇದೇ ಬಗೆ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಿದ ಶಾಖಕ್ಕೆ ಬಣ್ಣ ಕರಗಿ ಹತ್ತುವುದು. ಎಷ್ಟು ಒತ್ತಬೇಕೆಂಬುದು ಮಣಿಕಟ್ಟಿಗೆ ತಿಳಿಯಬೇಕು.

ಈ ಜ್ಞಾನಕ್ಕೆ ಬೆಲೆಯೂ ಇತ್ತು. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಅಂಟು ಸಡಿಲವಾದಾಗ, ಎಳೆಯ ತುದಿಯನ್ನು ಬೆರಳಿನಿಂದ ಎತ್ತಬೇಕು. ಮೈಸೂರು ತಳಿಯ ಗೂಡಿನಲ್ಲಿ ಎಳೆಯ ಉದ್ದ ನಾನೂರು ಮೀಟರಿನ ಆಸುಪಾಸು. ಉತ್ತಮ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರನ್ನೂ ಮೀರುವುದು. ಎಷ್ಟೇ ಉದ್ದವಾದರೂ ತುದಿ ಒಂದೇ. ಅದನ್ನು ಹುಡುಕುತ್ತ ಚರಕದ ಮುಂದೆ ದಿನವೆಲ್ಲ ಕೂತ ಹೆಂಗಸರ ಕೈಗಳು ಬೆಂದು, ಬೆರಳ ತುದಿ ಸುಲಿದು, ಕೊನೆಗೆ ಮುಟ್ಟಿದ್ದು ತಿಳಿಯದಂತಾಗುತ್ತಿದ್ದುವು. ಸ್ಪರ್ಶದಿಂದ ಬದುಕುವವರು ಸ್ಪರ್ಶವನ್ನೇ ತೆತ್ತರು. ಸ್ವಯಂಚಾಲಿತ ಯಂತ್ರಗಳಲ್ಲಿ ತುದಿಯನ್ನು ಹುಡುಕುವ ಕೆಲಸ ಬೆರಳಿಗಿಲ್ಲ. ಇದನ್ನು ನಷ್ಟವೆಂದು ಕೊರಗುವವರು ಒಮ್ಮೆ ಆ ಬಾಣಲೆಯಲ್ಲಿ ಕೈಯಿಟ್ಟು ನೋಡಿ ಅನಂತರ ಕೊರಗಬೇಕು.

ಮಾರುಕಟ್ಟೆಯ ಹರಾಜು ಕೂಗುವ ಗದ್ದಲವೂ ಈಚಿನ ವರ್ಷಗಳಲ್ಲಿ ಅಡಗಿದೆ. ಬೆಲೆಯು ಈಗ ವಿದ್ಯುನ್ಮಾನ ತೆರೆಯ ಮೇಲೆ ಏರುತ್ತದೆ. ಕೊಳ್ಳುವವನು ಅಂಗೈಯಲ್ಲಿರುವ ದೂರವಾಣಿಯಿಂದಲೇ ಅಂಕಿಯನ್ನು ಕಳುಹಿಸುತ್ತಾನೆ. ಆದರೆ ಅಂಕಿಯನ್ನು ಒತ್ತುವುದಕ್ಕೆ ಮುಂಚೆ ರಾಶಿಗಳ ಸಾಲಿನಲ್ಲಿ ನಡೆದುಬಂದು, ಒಂದು ಹಿಡಿ ಗೂಡನ್ನೆತ್ತಿ, ಅದರಲ್ಲೊಂದನ್ನು ಕಿವಿಯ ಬಳಿ ಅಲುಗಿಸಿ, ಏನೂ ಹೇಳದೆ ಮುಂದಿನ ರಾಶಿಗೆ ಹೋಗುತ್ತಾನೆ.